ಕೆಂಪು ದೀಪ ಕಿತ್ತರೆ ಬ್ರೇಕ್ ಸರಿಯಾದೀತೆ?

ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ಒಂದು ಮನೆಯ ಮುಂದೆ ಹಳೆಯ ಅಂಬಾಸಿಡರ್ ಕಾರು ನಿಂತಿದೆ ಎಂದಿಟ್ಟುಕೊಳ್ಳಿ. ಮಕ್ಕಳನ್ನು ಶಾಲೆಗೆ ಬಿಡಬೇಕು. ಹ್ಯಾಂಡ್ ಬ್ರೇಕ್ ಇಳಿಸಿದರೂ ಮುಂದಿನ ಫಲಕದ ಕೆಂಪು ದೀಪ ಆರುತ್ತಿಲ್ಲ. 'ವೈರ್ ಲೂಸ್ ಆಗಿರ್ಬೇಕ್ರೀ, ಬಲ್ಬ್ ತೆಗೆದು ಒಗದ್ರ ಮುಗೀತು' ಎಂಬ ಸಲಹೆ ಪಕ್ಕದ ಮನೆಯಿಂದ ಬರುತ್ತದೆ. ಬಲ್ಬ್ ತೆಗೆದರೆ ದೀಪವೇನೋ ಆರುತ್ತದೆ. ಆದರೆ ಬ್ರೇಕ್?

1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಈ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ.

ಪ್ಯಾಸ್ಕಲ್ ನಿಯಮ ಕಾರಿನಲ್ಲಿ

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಪ್ಯಾಸ್ಕಲ್ (1623–1662) ಹೇಳಿದ ನಿಯಮ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಒತ್ತಡ ಕೊಳವೆಗಳ ಮೂಲಕ ವೀಲ್ ಸಿಲಿಂಡರಿಗೆ ಹೋಗಿ, ಬ್ರೇಕ್ ಷೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಸುಮಾರು 1,100 ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಒಂದೂವರೆ ಲಕ್ಷ ಜೌಲ್. ನಿಲ್ಲುವಷ್ಟರಲ್ಲಿ ಅದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗಬೇಕು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ!

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳಿಗೆ ಸಣ್ಣ ಪ್ಲಾಸ್ಟಿಕ್ ನಳಿಕೆ ಜೋಡಿಸಿ ನೀರು ತುಂಬಿ. ಒಂದನ್ನು ಒತ್ತಿದರೆ ಇನ್ನೊಂದು ತಕ್ಷಣ ಏಳುತ್ತದೆ. ಈಗ ಸ್ವಲ್ಪ ಗಾಳಿ ಸೇರಿಸಿ ಒತ್ತಿ. ಗಾಳಿ ಕುಗ್ಗುತ್ತದೆ, ಆಚೆಯದು ತಡವಾಗಿ ಏಳುತ್ತದೆ. ಗಾಳಿ ಸೇರಿದ ಬ್ರೇಕಿನ ಪೆಡಲ್ ಮೆತ್ತಗಾಗುವುದು ಇದೇ ಕಾರಣಕ್ಕೆ.

ದೀಪ ಏಕೆ ಉರಿಯುತ್ತದೆ?

ಹಳೆಯ ಅನೇಕ ಕಾರುಗಳಲ್ಲಿ ಈ ದೀಪವೇ ಇಲ್ಲ. ಇದ್ದಲ್ಲಿ, ಸಾಮಾನ್ಯವಾಗಿ ಕಾರಣ ಮೂರು: ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಯದಿರುವುದು, ಬ್ರೇಕ್ ಆಯಿಲ್ ಕಡಿಮೆಯಾಗಿರುವುದು, ಸ್ವಿಚ್ ಅಥವಾ ವೈರಿನ ದೋಷ. ಮೊದಲು ಆಯಿಲ್ ಡಬ್ಬಿ ನೋಡಬೇಕು. ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಆಯಿಲ್ ತುಂಬುವುದೂ ಬಲ್ಬ್ ಕೀಳುವುದೂ ಒಂದೇ.

ಹಿಂದಿನ ಚಕ್ರದ ಕೆಲಸ

ಹಿಂದಿನ ಡ್ರಮ್ ಬಿಚ್ಚಲು ಹ್ಯಾಂಡ್ ಬ್ರೇಕ್ ಇಳಿಸಲೇಬೇಕು. ಆದ್ದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಅಡ್ಡ ಕೊಡಬೇಕು. ಬರೀ ಜಾಕನ್ನು ನಂಬದೆ ಸ್ಟ್ಯಾಂಡ್ ಇಡಬೇಕು. ಒಳಗಿನ ದೂಳನ್ನು ಬಾಯಿಂದಾಗಲಿ ಗಾಳಿಯಿಂದಾಗಲಿ ಊದಬಾರದು. ಹಳೆಯ ಲೈನಿಂಗ್‌ನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯ ಕೆಳಗೆ ಒದ್ದೆ ಕಂಡರೆ ಕಳ್ಳ ಸಿಕ್ಕಂತೆ. ಒಳಗಿನ ರಬ್ಬರ್ ಬದಲಿಸಬೇಕು. ಸಿಲಿಂಡರ್ ಸವೆದಿದ್ದರೆ ಅದನ್ನೂ ಬದಲಿಸಬೇಕು. ಆಯಿಲ್ ಕುಡಿದ ಷೂಗಳನ್ನು ಎರಡೂ ಚಕ್ರಗಳಲ್ಲಿ ಒಟ್ಟಿಗೇ ಬದಲಿಸಬೇಕು. ಇಲ್ಲದಿದ್ದರೆ ಎರಡೂ ಕಡೆ ಹಿಡಿತ ಸಮನಾಗಿರದೆ ಕಾರು ಅಡ್ಡಾದಿಡ್ಡಿಯಾದೀತು. ರಬ್ಬರ್ ಭಾಗಗಳಿಗೆ ಪೆಟ್ರೋಲ್, ಇಂಜಿನ್ ಆಯಿಲ್ ತಗುಲಬಾರದು; ಉಬ್ಬಿ ಹಾಳಾಗುತ್ತವೆ.

ಕೊನೆಗೆ ಹೊಸ ಆಯಿಲ್ ಹಾಕಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆಯಬೇಕು. ತೆರೆದಿಟ್ಟ ಹಳೆಯ ಡಬ್ಬಿಯ ಆಯಿಲ್ ಬೇಡ. ಅದು ಗಾಳಿಯ ತೇವ ಹೀರುತ್ತದೆ. ಹೊಸ 'ಡಾಟ್ 3' ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಸೇರಿದ್ದಕ್ಕೆ ಆ ಮಿತಿ ಬರೀ 140 ಡಿಗ್ರಿ. ಕುದಿದರೆ ಆವಿ, ಆವಿಯೆಂದರೆ ಮತ್ತದೇ ಮೆತ್ತನೆಯ ಪೆಡಲ್. ಯಾದಗಿರಿಯ ಬೇಸಿಗೆಯಲ್ಲಿ ಇದನ್ನು ಮರೆಯಬಾರದು.

ಈ ಕೆಲಸ ಬಲ್ಲ ಮೆಕ್ಯಾನಿಕ್‌ನದು. ಆದರೆ ಕೀಲಿ ತಿರುಗಿಸಿ ಹ್ಯಾಂಡ್ ಬ್ರೇಕ್ ಎಳೆದಾಗ ದೀಪ ಹತ್ತುತ್ತದೆಯೇ, ಇಳಿಸಿದಾಗ ಆರುತ್ತದೆಯೇ ಎಂದು ಶಾಲೆಗೆ ಹೊರಟ ಮಕ್ಕಳೂ ನೋಡಬಹುದು. ಹತ್ತಬೇಕಾದಾಗ ಹತ್ತದ ದೀಪ, ಆರದ ದೀಪಕ್ಕಿಂತ ಅಪಾಯಕಾರಿ. ದೀಪ ತಾನಾಗಿ ಆರಬೇಕೇ ಹೊರತು ನಾವು ಆರಿಸಬಾರದು.