ನೆಲಕ್ಕೆ ಚಾಪೆಯಾಗುವ ಸೀಡಮ್ ಗಿಡಗಳು

ಬೆಳ್ಳಟ್ಟಿಯಂಥ ಬಯಲುಸೀಮೆಯ ಊರುಗಳಲ್ಲಿ, ಹೆಣ್ಣುಮಕ್ಕಳು ಹೊತ್ತು ತಂದ ಕೊಡದ ನೀರನ್ನು ಹೂವಿನ ಮಡಿಗೆ ಸುರಿಯುವುದು ನನಗೆ ಸಮ್ಮತವಲ್ಲ. ಆದರೆ ಅಂಗಳವು ಬೋಳಾಗಿರಬೇಕೆಂದೂ ಇಲ್ಲ. ಚಾಪೆಯಂತೆ ನೆಲಕ್ಕಂಟಿ ಹರಡುವ ಸೀಡಮ್ ಗಿಡಗಳು ಅಲ್ಪ ನೀರಿನಲ್ಲಿಯೇ ಬಾಳುವವು.

ಇವು ನಮ್ಮ ಕಾಡುಬಸಳೆಯ ಕುಟುಂಬದವು. ದಪ್ಪ ಎಲೆಯೇ ಇವುಗಳ ನೀರಿನ ಗಡಿಗೆ. ಈ ಕುಟುಂಬದ ಅನೇಕ ಸಸ್ಯಗಳು ಎಲೆಯ ಸೂಕ್ಷ್ಮರಂಧ್ರಗಳನ್ನು ರಾತ್ರಿಯ ತಂಪಿನಲ್ಲಿ ತೆರೆದು, ಇಂಗಾಲಾಮ್ಲವಾಯುವನ್ನು ಹೀರಿ, ಹುಳಿಯಾಗಿ ಕೂಡಿಡುವವು. ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು ಆ ಸಂಗ್ರಹದಿಂದಲೇ ಆಹಾರ ಮಾಡಿಕೊಳ್ಳುವವು. ಆದುದರಿಂದ ನೀರು ಆವಿಯಾಗುವುದು ಕಡಿಮೆ. ಬೆಂಗಳೂರಿನ ಲಾಲಬಾಗಿನ ಸಂಬಂಧವೂ ಇದ್ದ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞನು, ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಇರುವುದನ್ನು ನಾಲಿಗೆಯಿಂದಲೇ ಅರಿತನು. ಅವನ ಪತ್ರವು 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸಂಘದ ಗ್ರಂಥದಲ್ಲಿ ಅಚ್ಚಾಯಿತು. (ಬಾಲಿಕೆಯರೇ, ನೀವು ರುಚಿ ನೋಡಬೇಡಿರಿ, ಆ ಎಲೆ ದನಕರುಗಳಿಗೂ ವಿಷ.)

ಎರೆಮಣ್ಣು ಇವಕ್ಕೆ ಹಗೆ. ಮಳೆನೀರನ್ನು ಹಿಡಿದಿಟ್ಟು ಬೇರನ್ನು ಕೊಳೆಯಿಸುವುದು. ಮಸಾರಿ ಮಣ್ಣಿಗೆ ಅಷ್ಟೇ ಗರಸು ಬೆರಸಿ, ಗೇಣೆತ್ತರದ ಮಡಿ ಕಟ್ಟಿರಿ. ಬೆರಳುದ್ದದ ತುಂಡುಗಳನ್ನು 2 ದಿನ ನೆರಳಿನಲ್ಲಿ ಆರಿಸಿ, ಗಾಯ ಒಣಗಿದ ಬಳಿಕ 4 ಅಂಗುಲಕ್ಕೊಂದರಂತೆ ಊರಿರಿ. ಬೇರೂರಿದ ಮೇಲೆ ಮಣ್ಣು ಪೂರ್ಣ ಒಣಗಿದಾಗ ಮಾತ್ರ ನೀರು ಕೊಡತಕ್ಕದ್ದು. ಬೇಸಗೆಯಲ್ಲಿ ಮಧ್ಯಾಹ್ನದ ನೆರಳು ಅವಶ್ಯ. ಗೊಬ್ಬರ ಹೆಚ್ಚಾದರೆ ಕಾಂಡಗಳು ಸೊರಗಿ ಉದ್ದವಾಗಿ, ಚಾಪೆ ಹರಿದಂತೆ ಕಾಣುವುದು.

ಸೀಡಮ್ ದೊರೆಯದವರು ಹೊಲದ ಗೋಳಿಪಲ್ಯವನ್ನೇ ತಂದು ನೆಡಬಹುದು. ಕುಟುಂಬ ಬೇರೆಯಾದರೂ ಅದೂ ನೆಲವನ್ನು ಚೆಲುವಾಗಿ ಮುಚ್ಚುವುದು. ಮೇಲಾಗಿ, ರೊಟ್ಟಿಯ ಜೊತೆಗೂ ಆಗುವುದು.