ನಿಲ್ಲದ ರಕ್ತಸ್ರಾವ: ನಮಾಝ್ ಬಿಡಬೇಡಿ, ಚಿಕಿತ್ಸೆ ಮುಂದೂಡಬೇಡಿ

(ಜುಮಾ ಪ್ರವಚನದ ಸಾರಾಂಶ)



ಫಾತಿಮಾ ಬಿಂತ್ ಅಬೀ ಹುಬೈಶ್(ರ) ಎಂಬ ಮಹಿಳೆ ಪ್ರವಾದಿವರ್ಯರ(ಸ) ಬಳಿ ಬಂದು, ತಮಗೆ ರಕ್ತಸ್ರಾವ ನಿಲ್ಲುತ್ತಲೇ ಇಲ್ಲ, ನಮಾಝ್ ಬಿಡಬೇಕೇ ಎಂದು ಕೇಳಿದರು. ಬಿಡಬೇಕಾಗಿಲ್ಲ, ಅದು ಮುಟ್ಟಲ್ಲ, ರಕ್ತನಾಳದ ರಕ್ತ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಬುಖಾರಿಯಲ್ಲಿ ಈ ಹದೀಸ್ ಇದೆ. ಆಕೆ ಕೇಳಲು ನಾಚಲಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಈ ಮಾತೆತ್ತಲು ಸಂಕೋಚ.

ಇಂತಹ ರಕ್ತಸ್ರಾವವನ್ನು ಇಸ್ತಿಹಾಝಾ ಎನ್ನುತ್ತೇವೆ. ಮುಟ್ಟಿನ ಗರಿಷ್ಠ ಅವಧಿ ಹನಫಿ ಮದ್‌ಹಬ್‌ನಲ್ಲಿ 10 ದಿನ, ಶಾಫಿಈಯಲ್ಲಿ 15 ದಿನ. ಇಸ್ತಿಹಾಝಾ ಇರುವವರು ಪ್ರತಿ ನಮಾಝ್‌ನ ವೇಳೆಯಾದ ಮೇಲೆ ಶುಚಿಯಾಗಿ, ವುಝೂ ಮಾಡಿ ನಮಾಝ್ ಮಾಡಬೇಕು, ಉಪವಾಸವನ್ನೂ ಆಚರಿಸಬೇಕು.

ಆದರೆ ಮಸ್‌ಅಲ ತಿಳಿದರಷ್ಟೇ ಸಾಲದು, ಕಾರಣವನ್ನೂ ಹುಡುಕಬೇಕು. ಗರ್ಭಕೋಶದ ಗೆಡ್ಡೆ, ಥೈರಾಯ್ಡ್, ಹಾರ್ಮೋನುಗಳ ಏರುಪೇರು, ಗರ್ಭಪಾತ ಹೀಗೆ ಕಾರಣ ಹಲವು. ಅದರಲ್ಲೊಂದು ಪಾಲಿಪ್. ಗರ್ಭಕೋಶದ ಒಳಪದರ ಒಂದೆಡೆ ಅತಿಯಾಗಿ ಬೆಳೆದು ಉಂಟಾಗುವ ದುರ್ಮಾಂಸವಿದು. ಕೆಲವು ಮಿಲಿಮೀಟರ್‌ನಿಂದ ಕೆಲವು ಸೆಂಟಿಮೀಟರ್‌ವರೆಗೆ ಇರಬಹುದು. ಈಸ್ಟ್ರೋಜನ್ ಹಾರ್ಮೋನು ಇದರ ಬೆಳವಣಿಗೆಗೆ ಇಂಬು ಕೊಡುತ್ತದೆ. ನಲವತ್ತು ದಾಟಿದವರಲ್ಲಿ, ಬೊಜ್ಜು ಇರುವವರಲ್ಲಿ, ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ಮಾತ್ರೆ ಸೇವಿಸುವವರಲ್ಲಿ ಹೆಚ್ಚು.

ಎರಡು ಮುಟ್ಟಿನ ನಡುವೆ ರಕ್ತ ಕಾಣುವುದು, ವಿಪರೀತ ಸ್ರಾವ ಇದರ ಲಕ್ಷಣಗಳು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು. ಹೆಚ್ಚಿನ ಪಾಲಿಪ್‌ಗಳು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಇದ್ದರೂ ಮೊದಲ ಸೂಚನೆ ಇದೇ ರಕ್ತವಾಗಿರಬಹುದು.

ಸ್ಕ್ಯಾನಿಂಗ್‌ನಲ್ಲಿ ಸಾಮಾನ್ಯವಾಗಿ ಇದರ ಸುಳಿವು ಸಿಗುತ್ತದೆ. ಹಿಸ್ಟರೋಸ್ಕೋಪಿ ಎಂಬ ವಿಧಾನದಲ್ಲಿ, ಹೊಟ್ಟೆ ಕೊಯ್ಯದೆ, ಸಣ್ಣ ಕ್ಯಾಮೆರಾ ನಳಿಕೆಯನ್ನು ಯೋನಿಮಾರ್ಗವಾಗಿ ತೂರಿಸಿ ಪಾಲಿಪ್ ತೆಗೆಯುತ್ತಾರೆ. ತೆಗೆದ ತುಂಡನ್ನು ಲ್ಯಾಬ್ ಪರೀಕ್ಷೆಗೆ ಕಳಿಸುತ್ತಾರೆ. ತೊಂದರೆ ಕೊಡದ ಸಣ್ಣ ಪಾಲಿಪ್ ತಾನಾಗಿಯೇ ಹೋಗುವುದೂ ಉಂಟು. ಕೇವಲ ಪಾಲಿಪ್ ಇದೆಯೆಂದು ಗರ್ಭಕೋಶವನ್ನೇ ತೆಗೆಸಬೇಕಾಗಿಲ್ಲ. ಯಾರಾದರೂ ಹಾಗೆಂದರೆ ಇನ್ನೊಬ್ಬ ವೈದ್ಯರನ್ನೂ ಕೇಳೋಣ. ರಕ್ತಹೀನತೆ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು.

ಮಹಿಳಾ ವೈದ್ಯರಿದ್ದರೆ ಉತ್ತಮ. ಸಿಗದಿದ್ದಾಗ ಅಗತ್ಯಕ್ಕೆ ಪುರುಷ ವೈದ್ಯರಿಗೆ ತೋರಿಸಲು ಶರೀಅತ್‌ನಲ್ಲಿ ಅನುಮತಿಯಿದೆ. ಪರ್ದಾದ ಹೆಸರಿನಲ್ಲಿ ರೋಗ ಬೆಳೆಸುವುದು ಬೇಡ.

ಸಹೋದರರೇ, ತಾಯಿ, ಮಡದಿ ಸುಸ್ತು ಎಂದಾಗ ಹೆಂಗಸರ ವಿಷಯವೆಂದು ತಳ್ಳಿಹಾಕಬೇಡಿ. ನೀವೇ ವಿಚಾರಿಸಿ, ಜೊತೆಗೆ ಆಸ್ಪತ್ರೆಗೆ ಹೋಗಿ. ಅಲ್ಲಾಹನು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಆರೋಗ್ಯ ಕರುಣಿಸಲಿ. ಆಮೀನ್.