ಮೇಕೆದಾಟು: ಅಣೆಕಟ್ಟಿಗೆ ಮುಂಚಿನ ಪರೀಕ್ಷೆ

ಬೆಂಗಳೂರಿನ ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿರುವ 13ನೆಯ ಶತಮಾನದ ತಮಿಳು ಶಾಸನವೊಂದು ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಹೇಳುತ್ತದೆ. ಊರಿನ ಮಳೆ ಊರ ಕೆರೆಯಲ್ಲಿಯೇ ನಿಂತು ಊರನ್ನು ಪೋಷಿಸುತ್ತಿದ್ದ ಆ ವ್ಯವಸ್ಥೆ ಈಗ ಶಾಸನದಲ್ಲಿ ಮಾತ್ರ ಉಳಿದಿದೆ. ಇಂದು ಇಲ್ಲಿಯ ನಲ್ಲಿಗಳಿಗೆ ಬರುವ ನೀರು ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು, ಪಂಪುಗಳ ಬಲದಿಂದ ಅರ್ಧ ಕಿಲೋಮೀಟರಿನಷ್ಟು ಎತ್ತರವನ್ನು ಏರಿ ಬಂದ ಕಾವೇರಿಯ ನೀರು. 1974ರಲ್ಲಿ ಮೊದಲ ಹಂತವಾಗಿ ಆರಂಭವಾದ ಈ ಪೂರೈಕೆ 2024ರ ಅಕ್ಟೋಬರಿನಲ್ಲಿ ಐದನೆಯ ಹಂತವನ್ನು ಮುಟ್ಟಿತಾದರೂ, ಬೆಳೆಯುವ ನಗರಕ್ಕೆ ಅದೂ ಸಾಲದೆಂಬ ವಾದದ ಮೇಲೆ ನಿಂತಿರುವುದೇ ಮೇಕೆದಾಟು ಸಮತೋಲನ ಜಲಾಶಯ ಮತ್ತು ಕುಡಿಯುವ ನೀರಿನ ಯೋಜನೆ.

ಕನಕಪುರ ತಾಲ್ಲೂಕಿನಲ್ಲಿ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕೆಳಗೆ 67.16 ಟಿಎಂಸಿ ನೀರನ್ನು ಹಿಡಿದಿಟ್ಟು, 400 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸುವುದೂ ಯೋಜನೆಯ ಉದ್ದೇಶ. 2018ರ ಫೆಬ್ರವರಿಯ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟ 4.75 ಟಿಎಂಸಿಯೇ ಇದರ ಸಮರ್ಥನೆಗೆ ಮುಖ್ಯ ಆಧಾರ. ಈ ಎರಡು ಸಂಖ್ಯೆಗಳ ಅಂತರವನ್ನು ನೋಡಿ ಕೆಲವರು ಸಂಶಯಪಡುವುದುಂಟು. ಆದರೆ 4.75 ಎಂಬುದು ಎತ್ತುವ ನೀರಿನ ಲೆಕ್ಕವಲ್ಲ; ಬಳಕೆಯಲ್ಲಿ ಕಳೆದುಹೋಗುವ ಪಾಲಿನ ಲೆಕ್ಕ. ಕುಡಿಯಲೆಂದು ಒಯ್ದ ನೀರಿನಲ್ಲಿ ಐದನೆಯ ಒಂದು ಭಾಗ ಮಾತ್ರ ವ್ಯಯವಾಗಿ ಉಳಿದದ್ದು ಹರಿದು ಹಿಂದಿರುಗುವುದೆಂಬ ಗಣನೆಯ ಮೇರೆಗೆ, ಎತ್ತಬೇಕಾದ ನೀರು ಸುಮಾರು 24 ಟಿಎಂಸಿಯಾಗುತ್ತದೆ.

ಹಿಂದಿರುಗುವುದು ಎಲ್ಲಿಗೆ? ಇಲ್ಲಿದೆ ಸ್ವಾರಸ್ಯ. ಮಡಿವಾಳದ ಕೆರೆಯ ಕೋಡಿ ಅಗರದ ಮಾರ್ಗವಾಗಿ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಸೇರತಕ್ಕದ್ದು. ಕಾವೇರಿಯಿಂದ ಬಂದ ನೀರು ನಮ್ಮ ಬಚ್ಚಲನ್ನು ದಾಟಿದೊಡನೆ ಬೇರೊಂದು ನದಿಯ ಪ್ರಜೆಯಾಗಿಬಿಡುತ್ತದೆ. ಅದರಲ್ಲಿ ಒಂದು ಪಾಲು, ಶುದ್ಧೀಕರಣದ ಬಳಿಕ, 2018ರಿಂದ ಕೋಲಾರದ ಕೆರೆಗಳನ್ನೂ ತುಂಬುತ್ತಿದೆ. ಆದುದರಿಂದ ಅಣೆಕಟ್ಟಿನ ಸುತ್ತಣ ಕಾಡನ್ನು ಮಾತ್ರ ಅಳೆದು, ನೀರು ಕುಡಿಯುವ ನಗರದ ಸೋರಿಕೆಯನ್ನೂ ಕೆರೆಗಳನ್ನೂ ತ್ಯಾಜ್ಯಜಲದ ಮರುಬಳಕೆಯನ್ನೂ ಗಣಿಸದ ಪರಿಸರ ಪರೀಕ್ಷೆಯು, ಎಷ್ಟೇ ಸಂಪುಟಗಳಲ್ಲಿ ಬರಲಿ, ಅಪೂರ್ಣವೆಂದೇ ನನ್ನ ಮತ.

ಕಾಡಿನ ನಷ್ಟವೇನೂ ಅಲ್ಪವಲ್ಲ. ಮುಳುಗಡೆಯಾಗುವ ಸುಮಾರು 5,000 ಹೆಕ್ಟೇರಿನಲ್ಲಿ ಬಹುಪಾಲು ಅರಣ್ಯ. ಅದರಲ್ಲಿ 3,000ಕ್ಕೂ ಮಿಕ್ಕಿ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ನೆಲ. ಹೊಳೆಮತ್ತಿಯ ಮರಗಳು ದಡವನ್ನು ಹಿಡಿದು ನಿಂತಿರುವ, ಬೂದುಬಣ್ಣದ ದೊಡ್ಡ ಅಳಿಲು ರೆಂಬೆಯಿಂದ ರೆಂಬೆಗೆ ಸಾಗುವ, ನೀರುನಾಯಿಯೂ ಮಹಶೀರ್ ಮೀನೂ ಹರಿವನ್ನೇ ನಂಬಿರುವ ಆ ತೀರಕ್ಕೆ ಬದಲಾಗಿ ಬೇರೆಡೆ ಸಸಿ ನೆಟ್ಟು ಲೆಕ್ಕ ತೀರಿಸಬಹುದೆಂಬ ಮಾತು ಕಡತಕ್ಕೆ ಒಪ್ಪೀತು, ಹೊಳೆಗೆ ಒಪ್ಪದು. ನಿಂತ ನೀರಿನಲ್ಲಿ ಹರಿವಿನ ಜೀವಿಗಳ ಬಾಳು ಕಷ್ಟ.

ಪರಿಸರ ಪರೀಕ್ಷೆಯ ಕುರಿತ 2006ರ ಸೆಪ್ಟೆಂಬರಿನ ಅಧಿಸೂಚನೆಯಂತೆ, ಇಂಥ ಯೋಜನೆಯಲ್ಲಿ ಏನೇನನ್ನು ಅಧ್ಯಯನ ಮಾಡಬೇಕೆಂಬುದನ್ನು ಕೇಂದ್ರದ ತಜ್ಞರ ಸಮಿತಿ ಮೊದಲು ಗೊತ್ತುಪಡಿಸಬೇಕು. ಅನಂತರ ಕರಡು ವರದಿ, ಸಾರ್ವಜನಿಕ ಆಲಿಕೆ, ಅಂತಿಮ ಪರಿಶೀಲನೆ. ಮೇಕೆದಾಟು 2019ರ ಜುಲೈಯಲ್ಲಿ ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಂತಿತು: ತಮಿಳುನಾಡಿನೊಡನೆ ಸೌಹಾರ್ದದ ಪರಿಹಾರವನ್ನೂ, ಬೇರೆ ಸ್ಥಳಗಳ ವಿವೇಚನೆಯನ್ನೂ ಸಮಿತಿ ಕೇಳಿತು. ರಾಜಕಾರಣದ ಗದ್ದಲದಲ್ಲಿ ಮೊದಲನೆಯ ಮಾತಷ್ಟೇ ಎಲ್ಲರ ಕಿವಿಗೆ ಬಿದ್ದಿತು. ಎರಡನೆಯದೇ ಹೆಚ್ಚು ತೂಕದ್ದು.

ಆಲಿಕೆಯ ಸಭೆ ನಡೆಯುವುದಾದರೆ ಅದು ನಡೆಯುವುದು ಯೋಜನೆಯ ಸ್ಥಳದ ಸಮೀಪದಲ್ಲಿ, ಮಡಿವಾಳದಲ್ಲಲ್ಲ. ಆದರೂ ಯೋಜನೆಯೊಡನೆ ಸಂಬಂಧವುಳ್ಳವರು ಲಿಖಿತ ಅಭಿಪ್ರಾಯವನ್ನು ಕಳುಹಿಸಲು ಅದೇ ಅಧಿಸೂಚನೆ ಅವಕಾಶ ಕೊಟ್ಟಿದೆ; ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂಬುದು ನಿಯಮ. ಮೇಕೆದಾಟಿನ ನೀರನ್ನು ಕುಡಿಯಲಿರುವ ಓದುಗರು ವರದಿಯನ್ನು ತರಿಸಿ ಓದಿ, ಪರ್ಯಾಯಗಳ ಅಧ್ಯಾಯ ಎಷ್ಟು ಪುಟವಿದೆಯೆಂದು ಮೊದಲು ನೋಡಲಿ.